ಚಿಲಕ ತಡೆದ ನೂರು ದಾಳಿ

ಅವನನ್ನು ಮನೆಯವರೆಲ್ಲ ಚಿಲಕ ಎಂದೇ ಕರೆಯುತ್ತಿದ್ದರು. ಚಿಕ್ಕಂದಿನಲ್ಲಿ ಬಚ್ಚಲುಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡು, ತೆಗೆಯಲು ಬಾರದೆ ಬೊಬ್ಬೆ ಹೊಡೆದಿದ್ದ. ಕೊನೆಗೆ ಬಡಗಿ ಬಂದು ಬಾಗಿಲನ್ನೇ ಕೀಳಬೇಕಾಯಿತು. ಈಗ ದೊಡ್ಡವನಾಗಿ ವೆಬ್‌ಸೈಟ್ ಕಟ್ಟುವ ಕೆಲಸ ಹಿಡಿದಿದ್ದಾನೆ. ಬುದ್ಧಿ ಮಾತ್ರ ಇನ್ನೂ ಆ ಬಚ್ಚಲುಮನೆಯಲ್ಲೇ ಇದೆ.

ಅವನ ಅಕ್ಕ ಹಲ್ಲಿನ ಡಾಕ್ಟರು. ದೊಡ್ಡ ಆಸ್ಪತ್ರೆಯೊಂದರಲ್ಲಿ ವರ್ಷಗಟ್ಟಲೆ ದುಡಿದು, ಮೇಲಿನವರ ಕಿರಿಕಿರಿ ಸಾಕಾಗಿ, ಸ್ವಂತ ಕ್ಲಿನಿಕ್ ಮಾಡಿಕೊಂಡಿದ್ದಳು. ತನ್ನ ಹಳೆಯ ರೋಗಿಗಳು ತನ್ನ ಹಿಂದೆಯೇ ಬರುತ್ತಾರೆಂಬುದೊಂದೇ ಧೈರ್ಯ. ಅವರಿಗೆಲ್ಲ ಮೊಬೈಲಿನಲ್ಲಿ ವೆಬ್‌ಸೈಟಿನ ವಿಳಾಸ ಕಳಿಸಿದ್ದಳು. ಅಲ್ಲೇ ಸಮಯ ಗೊತ್ತುಮಾಡಿಕೊಂಡು ಬರಬೇಕು. ವೆಬ್‌ಸೈಟ್ ಕಟ್ಟಿದ್ದು ಯಾರು? ಇನ್ಯಾರು, ನಮ್ಮ ಚಿಲಕ.

ಅವನ ಕಂಪ್ಯೂಟರಿನಲ್ಲಿ ಇರುವವರೆಗೆ ಎಲ್ಲವೂ ಸಲೀಸಾಗಿಯೇ ಇತ್ತು. ಅದಕ್ಕೊಂದು ಸೆಕ್ಯೂರಿಟಿ ಪ್ಲಗಿನ್ ಬೇರೆ ಜೋಡಿಸಿದ್ದ. ಯಾರಾದರೂ ತಪ್ಪು ಪಾಸ್‌ವರ್ಡ್ ಮತ್ತೆ ಮತ್ತೆ ಒತ್ತಿದರೆ, ಅವರು ಬಂದ ಇಂಟರ್ನೆಟ್ ವಿಳಾಸವನ್ನೇ ಹಿಡಿದು ಹೊರಗಟ್ಟುವ ಕಾವಲುಗಾರ ಅದು. ಹೊರಗಟ್ಟುವಾಗ ತೋರಿಸುವ ಮಾತನ್ನೂ ಚಿಲಕನೇ ತಮಾಷೆಗೆ ಬರೆದಿದ್ದ: ‘ಕಳ್ಳಾ, ನಿನ್ನ ಆಟ ಇಲ್ಲಿ ನಡೆಯಲ್ಲ. ತೊಲಗು!’ ಆಮೇಲೆ ತಿದ್ದಿದರಾಯಿತು ಎಂದುಕೊಂಡಿದ್ದ. ಆ ‘ಆಮೇಲೆ’ ಬರಲೇ ಇಲ್ಲ.

ಕ್ಲಿನಿಕ್ ತೆರೆದ ಬೆಳಿಗ್ಗೆ, ವೆಬ್‌ಸೈಟನ್ನು ಹಾಗೆಯೇ ಎತ್ತಿ ಬಾಡಿಗೆ ಸರ್ವರಿಗೆ ಹಾಕಿದ. ಹಾಕಿದವನು ಸುಮ್ಮನಿರಬೇಕೋ ಬೇಡವೋ?

“ಭಾವ, ಇಲ್ನೋಡಿ. ಕಳ್ಳ ಬಂದ್ರೆ ಏನಾಗುತ್ತೆ ಅಂತ ತೋರಿಸ್ತೀನಿ,” ಎಂದು ಕ್ಲಿನಿಕ್ಕಿನಲ್ಲಿದ್ದ ಅಕ್ಕನ ಗಂಡನಿಗೆ ಹೇಳಿ, ಬೇಕೆಂದೇ ತಪ್ಪು ಪಾಸ್‌ವರ್ಡ್ ಒತ್ತಿದ. ಇನ್ನೊಮ್ಮೆ ಒತ್ತಿದ. ಮತ್ತೊಮ್ಮೆ ಒತ್ತಿದ. ‘ತೊಲಗು!’ ಎಂದಿತು ಪರದೆ.

“ಭೇಷ್! ಇನ್ನು ನೀನು ಒಳಗೆ ಹೋಗೋದು ಹೇಗಪ್ಪಾ?” ಎಂದರು ಭಾವ.

“ನಾಳೆ ಹೊತ್ತಿಗೆ ಅದೇ ಬಿಡುತ್ತೆ. ಇವತ್ತು ನನಗೇನು ಒಳಗೆ ಕೆಲಸ?”

ಅಷ್ಟರಲ್ಲಿ ಅವನ ಮೊಬೈಲ್ ಟಿಣ್ ಎಂದಿತು. ಪ್ಲಗಿನ್ ಕಳಿಸಿದ ಸುದ್ದಿ: ‘ದಾಳಿ ತಡೆಯಲಾಗಿದೆ.’ ಮತ್ತೆ ಟಿಣ್. ಮತ್ತೊಂದು ದಾಳಿ. ಚಿಲಕ ಉಬ್ಬಿಹೋದ.

“ಅಕ್ಕಾ, ಮೊದಲನೇ ದಿನವೇ ನಿನ್ನ ಸೈಟಿನ ಮೇಲೆ ಎಷ್ಟು ಜನರ ಕಣ್ಣು ನೋಡು! ನಾನಿಲ್ದಿದ್ರೆ ನಿನ್ನ ಗತಿ ಏನಾಗ್ತಿತ್ತು?”

ಅಕ್ಕನಿಗೆ ಅದು ಕಿವಿಗೇ ಬೀಳಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಕೋಟು ತೊಟ್ಟು, ಆಗಲೇ ಜೋಡಿಸಿಟ್ಟ ಇಕ್ಕಳಗಳನ್ನೇ ಮತ್ತೆ ಜೋಡಿಸುತ್ತಿದ್ದಳು. ಮಧ್ಯಾಹ್ನವಾಯಿತು. ಒಂದು ನರಪಿಳ್ಳೆಯೂ ಬರಲಿಲ್ಲ.

“ಎಷ್ಟು ಜನರ ಹಲ್ಲು ಉಳಿಸಿಕೊಟ್ಟೆ. ಒಬ್ಬರಿಗಾದ್ರೂ ನನ್ನ ನೆನಪಿಲ್ವಲ್ಲೋ,” ಎಂದಳು. “ಮತ್ತೆ ಆಸ್ಪತ್ರೆಗೇ ಹೋಗಿ ಕೈಕಟ್ಟಿ ನಿಲ್ಬೇಕೇನೋ.”

ಟಿಣ್, ಎಂದಿತು ಮೊಬೈಲ್.

“ದಾಳಿ ನೂರು ದಾಟಿತು ಅಕ್ಕಾ!” ಎಂದ ಚಿಲಕ. ಇವನ ಬಾಯಿಗಿಷ್ಟು ಮಣ್ಣು ಹಾಕ!

ಆಗ ಬಾಗಿಲು ತಳ್ಳಿಕೊಂಡು ಒಬ್ಬ ನಿವೃತ್ತ ಮೇಷ್ಟ್ರು ಬಂದರು. ಅಕ್ಕನ ಹಳೆಯ ರೋಗಿ. ಒಂದು ಕೆನ್ನೆ ಊದಿಕೊಂಡಿತ್ತು, ಕೈಯಲ್ಲಿ ಮೊಬೈಲಿತ್ತು.

“ಡಾಕ್ಟರಮ್ಮಾ, ನೋವು ತಡ್ಕೊಳ್ಳೋಕೆ ಆಗ್ಲಿಲ್ಲ, ಅದಕ್ಕೇ ಮಾನ ಬಿಟ್ಟು ಬಂದೆ. ಹೇಳಿ, ನಾನು ನಿಮ್ಮನೇದು ಏನು ಕದ್ದೆ?”

ಅಕ್ಕ ಅವರ ಮೊಬೈಲ್ ತೆಗೆದುಕೊಂಡು ಓದಿದಳು. ಮುಖ ಬಿಳಿಚಿಕೊಂಡಿತು.

“ಮೇಷ್ಟ್ರೇ, ನೀವು ಪಾಸ್‌ವರ್ಡ್ ತಪ್ಪು ಹೊಡೆದಿರ್ತೀರ,” ಎಂದು ಚಿಲಕ ಬಾಯಿ ಹಾಕಿದ.

“ಯಾವ ಪಾಸ್‌ವರ್ಡಪ್ಪಾ? ಮೊದಲನೇ ಪುಟವೇ ತೆರೀಲಿಲ್ಲ. ನನ್ನ ಜೊತೆ ವಾಕಿಂಗ್ ಬರೋರಿಗೂ ಇದೇ ಮಂಗಳಾರತಿ. ಇನ್ನು ಇತ್ತ ತಲೆ ಹಾಕಲ್ಲ ಅಂತಿದಾರೆ ಅವರು.”

ಚಿಲಕ ಆ ದಾಳಿಯ ಸುದ್ದಿಗಳನ್ನು ಆಗಷ್ಟೇ ಬಿಡಿಸಿ ಓದಿದ. ಎಲ್ಲ ದಾಳಿಯೂ ಒಂದೇ ವಿಳಾಸದಿಂದ! ಬೆಳಿಗ್ಗೆ ಅವನನ್ನು ಹೊರಗೆ ಹಾಕಿದ ಸುದ್ದಿಯಲ್ಲೂ ಅದೇ ವಿಳಾಸ. ಬಾಡಿಗೆ ಸರ್ವರಿನವರು ಬಂದವರನ್ನೆಲ್ಲ ಒಂದೇ ಹೆಬ್ಬಾಗಿಲಿನಿಂದ ಒಳಗೆ ಬಿಡುತ್ತಿದ್ದರು. ಪ್ಲಗಿನ್ನಿಗೆ ಕಾಣುತ್ತಿದ್ದದ್ದು ಆ ಹೆಬ್ಬಾಗಿಲಿನ ವಿಳಾಸವೊಂದೇ, ಬಂದವರ ಮುಖವಲ್ಲ. ಹೆಬ್ಬಾಗಿಲಿದೆ ಎಂದು ಪ್ಲಗಿನ್ನಿಗೆ ಮೊದಲೇ ತಿಳಿಸಿಡಬೇಕಿತ್ತು. ಅವನ ಕಂಪ್ಯೂಟರಿನಲ್ಲಿ ಅಂಥದ್ದಿಲ್ಲದ ಕಾರಣ ಅವನು ಆ ಗೊಡವೆಗೇ ಹೋಗಿರಲಿಲ್ಲ. ಭಾವನ ಮುಂದೆ ಮೆರೆಯಲು ಹೋಗಿ, ತನ್ನ ಜೊತೆಗೆ ಊರನ್ನೇ ಹೊರಗೆ ಹಾಕಿ ಬಾಗಿಲು ಜಡಿದಿದ್ದ.

ಈಗ ಒಳಗೆ ಹೋಗಿ ಸರಿಮಾಡೋಣವೆಂದರೆ ಅವನಿಗೂ ‘ತೊಲಗು’. ಕೊನೆಗೆ ಸರ್ವರಿನವರಿಗೆ ಫೋನ್ ಮಾಡಿ, ಗೋಗರೆದು, ಅವರ ಕೈಯಿಂದಲೇ ಪ್ಲಗಿನ್ ಕೀಳಿಸಿದ. ಮತ್ತೆ ಬಡಗಿಯೇ ಬರಬೇಕಾಯಿತು ನೋಡಿ.

ಮೇಷ್ಟ್ರ ಹಲ್ಲು ನೋಡಿ ಮುಗಿಸಿ ಅಕ್ಕ ಹೊರಗೆ ಬಂದಳು.

“ದಾಳಿ ಎಷ್ಟಾಯ್ತು ಅಂದೆ?”

“ನೂರರ ಮೇಲೆ...”

“ಅಂದ್ರೆ ಅಷ್ಟು ಸಲ ನನ್ನ ಬಾಗಿಲು ತಟ್ಟಿದ್ದಾರೆ.” ಅವಳ ಕಣ್ಣು ತುಂಬಿತು. ಅವರು ಮರೆತಿರಲಿಲ್ಲ ಎಂದು ಜೀವಕ್ಕೆ ಹಾಯೆನಿಸಿತು. ಆಮೇಲೆ ಎದುರಿಗೆ ನಿಂತ ತಮ್ಮ ಕಂಡ; ಸಿಟ್ಟು ನೆತ್ತಿಗೇರಿತು. ತನ್ನ ಮೊಬೈಲನ್ನು ಅವನ ಕೈಗೆ ತುರುಕಿದಳು.

“ಎಲ್ಲರ ನಂಬರೂ ಇದರಲ್ಲಿದೆ. ಒಬ್ಬೊಬ್ಬರಿಗೂ ಫೋನ್ ಮಾಡಿ ತಪ್ಪಾಯ್ತು ಅನ್ನು.”

“ಅಕ್ಕಾ, ಒಂದು ಮೆಸೇಜ್ ಬರೆದು ಎಲ್ಲರಿಗೂ ಒಟ್ಟಿಗೆ...”

“ನೀನು ಬರೆದಿದ್ದು ಸಾಕು.”

ಚಿಲಕ ಮೊದಲನೆಯ ನಂಬರ್ ಒತ್ತಿದ. “ನಮಸ್ಕಾರ, ಡಾಕ್ಟರಮ್ಮನ ತಮ್ಮ ಮಾತಾಡ್ತಿರೋದು. ಆ ವೆಬ್‌ಸೈಟ್ ಮಾಡಿದ್ದು ನಾನೇ...”

“ತೊಲಗು!” ಎಂದಿತು ಆ ಕಡೆಯ ದನಿ. ಫೋನ್ ಕಟ್ಟಾಯಿತು.

ಅವನು ಅಕ್ಕನ ಮುಖ ನೋಡಿದ. ಅವಳು ಹೊಸ ಕೈಗವಸು ತೊಡುತ್ತಿದ್ದಳು.

“ಹೂಂ, ಮುಂದಿನವರಿಗೆ ಮಾಡು,” ಎಂದಳು.