ದೊಡ್ಡಮ್ಮನ ಪುಸ್ತಕಕ್ಕೊಂದು ತಿದ್ದುಪಡಿ

ಅಚ್ಚುಮನೆಯಲ್ಲಿ ಅವನನ್ನು ಎಲ್ಲರೂ ಅಲ್ಪವಿರಾಮ ಎಂದೇ ಕರೆಯುತ್ತಿದ್ದರು. ಒಂದು ಅಲ್ಪವಿರಾಮಕ್ಕಾಗಿ ಲೇಖಕರೊಬ್ಬರ ಜೊತೆ ಅರ್ಧ ದಿನ ಜಗಳ ಕಾದು, ಕೊನೆಗೆ ಲೇಖಕರೇ ಕೈಮುಗಿದು ಎದ್ದುಹೋದ ಮೇಲೆ ಅಂಟಿಕೊಂಡ ಹೆಸರು. ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುವ ಕೆಲಸ. ಹೋಟೆಲಿಗೆ ಹೋದರೂ ಗೋಡೆಯ ಮೇಲಿನ ಪಟ್ಟಿಯಲ್ಲಿ ಒಂದಾದರೂ ತಪ್ಪು ಹುಡುಕದೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಇಂಥವನು ದೊಡ್ಡಮ್ಮನ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಏನು ಕೊಡುವುದೆಂದು ಎರಡು ತಿಂಗಳು ತಲೆ ಕೆಡಿಸಿಕೊಂಡ. ತಾಯಿ ಹೋದ ಮೇಲೆ ಅವನನ್ನೂ ಅಕ್ಕನನ್ನೂ ಸಾಕಿದವಳು ದೊಡ್ಡಮ್ಮ. ಗ್ರಂಥಾಲಯದಲ್ಲಿ ಮೂವತ್ತು ವರ್ಷ ದುಡಿದು ಈಗ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ನೆನಪು ಕೈಕೊಡಲು ಶುರುವಾಗಿ ಎರಡು ವರ್ಷ. ಶಾಲು ಕೊಟ್ಟರೆ ಯಾರದೋ ಇರಬೇಕೆಂದು ಮಡಚಿ ವಾಪಸು ಕೊಡುತ್ತಿದ್ದಳು. ಗಡಿಯಾರ ಕೊಟ್ಟರೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಗಂಟೆ ಎಷ್ಟೆಂದು ಕೇಳುತ್ತಿದ್ದಳು. ಮನುಷ್ಯರ ಮಾತನ್ನು ನಂಬದಿದ್ದರೂ ಅಚ್ಚಾದದ್ದನ್ನು ಮಾತ್ರ ನಂಬುತ್ತಾಳಲ್ಲ ಎಂದು ಒಂದು ದಿನ ಅವನಿಗೆ ಥಟ್ಟನೆ ಹೊಳೆಯಿತು. ಅಕ್ಕನ ಬಳಿಯಿದ್ದ ಫೋಟೋಗಳ ಡಬ್ಬಿ ತರಿಸಿ, ನಲವತ್ತನ್ನು ಆರಿಸಿ, ಒಂದೊಂದರ ಕೆಳಗೂ ಇಂಥವರು, ಇಂಥ ಸಂದರ್ಭ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ರಟ್ಟು ಕಟ್ಟಿಸಿದ. ಏಳು ಸಲ ತಿದ್ದಿದ. ಒಂದು ಕೊಂಬು ಹೆಚ್ಚಿಲ್ಲ, ಒಂದು ಒತ್ತು ಕಡಿಮೆಯಿಲ್ಲ. ಹುಟ್ಟುಹಬ್ಬಕ್ಕೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಅವನು ನೆಲದ ಮೇಲೆ ಕಾಲೂರದೆ ಮನೆಗೆ ಹೋದ.

ಮೂರು ವಾರ ಬಿಟ್ಟು ಬಂದಾಗ ದೊಡ್ಡಮ್ಮನ ಮಡಿಲಲ್ಲಿ ಅದೇ ಪುಸ್ತಕವಿತ್ತು. ಅವನ ಮುಖವನ್ನೊಮ್ಮೆ, ಪುಟವನ್ನೊಮ್ಮೆ ನೋಡಿದಳು.

"ಪುಟ ಹನ್ನೊಂದು! ಬಾ ಮಗ. ಕೂದಲೆಲ್ಲ ಎಲ್ಲಿ ಹೋಯ್ತೋ?"

"ಹೊಸ ಮುದ್ರಣದಲ್ಲಿ ಬಿಟ್ಟುಹೋಯ್ತು ದೊಡ್ಡಮ್ಮ," ಎಂದು ನಗುತ್ತ ಕೂತ.

ಹನ್ನೊಂದನೆಯ ಪುಟದಲ್ಲಿ ಆಸ್ಪತ್ರೆಯ ಮಂಚ. ಅವನು ದೊಡ್ಡಮ್ಮನಿಗೆ ದ್ರಾಕ್ಷಿ ತಿನ್ನಿಸುತ್ತಿದ್ದಾನೆ. ಅವಳು ಬೆರಳಿಟ್ಟು ಓದಿದಳು: "ಸೊಂಟದ ಮೂಳೆ ಮುರಿದಾಗ ಆರೈಕೆ ಮಾಡಿದ ಮಗ."

ಅಷ್ಟರಲ್ಲಿ ಅಕ್ಕ ಮಾತ್ರೆ, ಬಿಸಿನೀರು ಹಿಡಿದು ಬಂದಳು. ದೊಡ್ಡಮ್ಮ ಅವನ ಕಿವಿಯ ಹತ್ತಿರ ಬಾಗಿದಳು. "ಆ ಹೆಂಗಸು ಬಂದ್ಲು ನೋಡು. ಸ್ನಾನ ಮಾಡಿಸ್ತಾಳೆ, ಮಾತ್ರೆ ಕೊಡ್ತಾಳೆ. ಒಳ್ಳೆಯವಳೇ ಪಾಪ. ಆದ್ರೆ ಯಾರೋ ಏನೋ, ಪುಸ್ತಕದಲ್ಲಿಲ್ಲ."

"ಅಯ್ಯೋ, ಅಕ್ಕ ಅಲ್ವಾ! ಇರು, ತೋರಿಸ್ತೀನಿ," ಎಂದು ಅವನು ಪುಟ ತಿರುವಿದ. ಒಂದು, ಎರಡು, ಹತ್ತು, ಇಪ್ಪತ್ತು. ಮೂವತ್ತು ದಾಟುವ ಹೊತ್ತಿಗೆ ಕಿವಿ ಬಿಸಿಯಾಗಿತ್ತು.

"ಹುಡುಕ್ಬೇಡ ಬಿಡೋ," ಎಂದಳು ಅಕ್ಕ. "ನಂಗೆ ಹದಿನೈದು ತುಂಬಿದಾಗ ದೊಡ್ಡಮ್ಮ ಕ್ಯಾಮೆರಾ ಕೊಡಿಸಿದ್ಲಲ್ಲ, ಅವತ್ತಿಂದ ನಾನು ಕ್ಯಾಮೆರಾ ಹಿಂದೇನೇ ಇದೀನಿ."

"ಮೊದಲೇ ಹೇಳೋದಲ್ವಾ ನೀನು?"

"ಏಳು ಸಲ ತಿದ್ದಿದವನಿಗೆ ನಾನೇನಪ್ಪ ಹೇಳ್ಲಿ?" ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. "ಮೊದ್ಲೆಲ್ಲ ಬೆಳಿಗ್ಗೆ ಮರೆತ್ರೂ ಮಧ್ಯಾಹ್ನದ ಹೊತ್ತಿಗೆ ಮಗಳೇ ಅಂತಿದ್ಲು. ಈಗ ಪುಸ್ತಕ ತೆಗೆದು ತಾಳೆ ಹಾಕ್ತಾಳೆ."

ಅವನು ಜೇಬಿನಿಂದ ಕೆಂಪು ಪೆನ್ನು ತೆಗೆದು ಹನ್ನೊಂದನೆಯ ಪುಟಕ್ಕೆ ಕೈ ಹಾಕಿದ. ದೊಡ್ಡಮ್ಮ ಫಟ್ಟೆಂದು ಮುಂಗೈಗೆ ಹೊಡೆದಳು.

"ಪುಸ್ತಕದಲ್ಲಿ ಗೀಚ್ತೀಯಾ? ತಪ್ಪಿದ್ರೆ ಮೊದಲ ಪುಟಕ್ಕೆ ಚೀಟಿ ಅಂಟಿಸ್ಬೇಕು. ತಪ್ಪು ಮಾಡಿದವನೇ ಬರೆದು ಸಹಿ ಹಾಕ್ಬೇಕು."

ತಪ್ಪು ಒಪ್ಪುಗಳ ಪಟ್ಟಿ ಅವನಿಗೆ ನೀರು ಕುಡಿದಷ್ಟು ಸುಲಭ. 'ಪುಟ ಹನ್ನೊಂದರಲ್ಲಿ ಕಣ್ತಪ್ಪಿನಿಂದ' ಎಂದು ಶುರುಮಾಡಿದ. ಬಗ್ಗಿ ನೋಡುತ್ತಿದ್ದ ಅಕ್ಕ ಕಿಟಕಿಯ ಕಡೆ ತಿರುಗಿದಳು. ಪೆನ್ನು ನಿಂತಿತು. ಮೊದಲ ಕರಡಿನಲ್ಲಿದ್ದದ್ದು 'ದ್ರಾಕ್ಷಿ ತಂದ ಮಗ' ಎಂದು. ಓದಲು ಸಪ್ಪೆಯೆನಿಸಿ, ಏಳನೆಯ ಸಲ ತಿದ್ದುವಾಗ 'ಆರೈಕೆ ಮಾಡಿದ ಮಗ' ಎಂದು ಬದಲಾಯಿಸಿದ್ದ. ಕಣ್ಣು ಎಲ್ಲೂ ತಪ್ಪಿರಲಿಲ್ಲ.

ಚೀಟಿ ಹರಿದು ಇನ್ನೊಂದು ಬರೆದ. 'ಪುಟ ಹನ್ನೊಂದರ ಸಾಲು ಸುಳ್ಳು. ಮಗ ಬಂದದ್ದು ಒಂದು ದಿನ, ಒಂದು ಗಂಟೆ, ದ್ರಾಕ್ಷಿ ಹಿಡಿದುಕೊಂಡು. ಮೂರು ತಿಂಗಳು ಆರೈಕೆ ಮಾಡಿದವಳು ಮಗಳು. ನಲವತ್ತೂ ಫೋಟೋ ತೆಗೆದವಳು ಅವಳೇ. ಈಗ ಮಾತ್ರೆ ಕೊಡುತ್ತಿರುವವಳೂ ಅವಳೇ.' ಸಹಿ ಹಾಕಿ, ಅಂಟಿಸಿ, ಪುಸ್ತಕವನ್ನು ಮುಂದಿಟ್ಟ.

ದೊಡ್ಡಮ್ಮ ಗಟ್ಟಿಯಾಗಿ ಓದಿದಳು. "ಅಬ್ಬಾ, ಇಷ್ಟು ದೊಡ್ಡ ತಪ್ಪು! ಕರಡು ತಿದ್ದಿದವನು ಯಾವನೋ? ನಿದ್ದೆ ಹೊಡೀತಿದ್ನಾ?"

ಅಕ್ಕ ಕಿಸಕ್ಕನೆ ನಕ್ಕಳು. ಸದ್ಯ, ನಗೆಯಲ್ಲಿ ಮುಗಿಯಿತು ಎಂದುಕೊಂಡು ಅವನೂ ನಗಲು ಬಾಯಿ ತೆರೆದ. ಆದರೆ ದೊಡ್ಡಮ್ಮ ಕನ್ನಡಕ ತೆಗೆದು ಅಕ್ಕನನ್ನೇ ನೋಡುತ್ತಿದ್ದಳು.

"ನಲವತ್ತೂ ನೀನೇ ತೆಗೆದದ್ದಾ?"

"ಹೂಂ ದೊಡ್ಡಮ್ಮ."

"ಒಂದ್ಸಲಾನೂ ಯಾರೂ, ಕ್ಯಾಮೆರಾ ಇಲ್ಲಿ ಕೊಡು, ನೀನು ಹೋಗಿ ನಿಂತ್ಕೋ ಅನ್ಲಿಲ್ವಾ?"

ಅಕ್ಕ ಅವಳ ಅಂಗೈ ಬಿಡಿಸಿ ಮಾತ್ರೆ ಇಟ್ಟಳು. "ನುಂಗು ದೊಡ್ಡಮ್ಮ, ನೀರು ಆರಿಹೋಗ್ತಿದೆ."

ಅವನ ಅಂಗಿಯ ಜೇಬಿನಲ್ಲಿ ಫೋನಿತ್ತು. ಕೈ ಅಲ್ಲಿಯತನಕ ಹೋಯಿತು. ಇಬ್ಬರೂ ಕಿಟಕಿಯ ಬೆಳಕಿನಲ್ಲೇ ಇದ್ದರು, ಒಳ್ಳೆಯ ಫೋಟೋ ಬರುತ್ತಿತ್ತು. ಆದರೆ ಅಕ್ಕನಿಗೆ 'ಇತ್ತ ನೋಡು' ಎನ್ನಲು ಅವನಿಗೆ ಮುಖವಿರಲಿಲ್ಲ.