ಜಾಹೀರಾತಿಲ್ಲದ ಟೀವಿ

ಗಡಿಯಾರ ರಿಪೇರಿಯವರಿಗೆ ಟೀವಿ ಅಂದರೆ ಟೀವಿಯಾಗಿರಬೇಕು, ಅಷ್ಟೇ. ಎರಡು ಮುಳ್ಳು ಸಾಲದೆ ಗಡಿಯಾರದೊಳಗೆ ಕೂಗುವ ಹಕ್ಕಿ ಕೂರಿಸುವವರನ್ನು ಕಂಡರೇ ಅವರಿಗೆ ಆಗುತ್ತಿರಲಿಲ್ಲ. ಟೀವಿ ಕೊಳ್ಳಲು ಹೋದ ಅಂಗಡಿಯಲ್ಲಿ ಹುಡುಗಿ ಹಾಕಿ ತೋರಿಸಿದ ಟೀವಿಗಳೋ, ಚಾನೆಲ್ ಬರುವ ಮೊದಲೇ ಸೋಪು, ಬಿಸ್ಕತ್ತು, ಕಾರು ಅಂತ ಜಾಹೀರಾತು ಶುರುಹಚ್ಚಿಕೊಂಡವು.

"ಇದು ನೀವು ಹೇಳಿದ ಮಾತು ಕೇಳುತ್ತೆ ಸಾರ್," ಎಂದಳು ಹುಡುಗಿ.

"ನಮ್ಮನೇಲಿ ಯಾರೂ ಕೇಳಲ್ಲ, ಇದ್ಯಾಕಮ್ಮ ಕೇಳ್ಬೇಕು?"

ಪಕ್ಕದಲ್ಲಿದ್ದ ಹೆಂಡತಿ ತುಟಿ ಕಚ್ಚಿ ನಗು ತಡೆದರು.

ಹತ್ತು ಟೀವಿಗೆ ಹತ್ತು ಕೊಂಕು ತೆಗೆದ ಮೇಲೆ, ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ ಒಂದು ಸಿಕ್ಕಿತು. ಇಂಟರ್ನೆಟ್ ಇಲ್ಲ, ಆ್ಯಪ್ ಇಲ್ಲ, ಗುಂಡಿ ಒತ್ತಿದರೆ ನೇರ ಚಾನೆಲ್. ರಿಪೇರಿಯವರ ಮುಖ ಊರಗಲವಾಯಿತು. ಹೆಂಡತಿಗೆ ಮಾತ್ರ ಗಾಬರಿ.

"ಏನಮ್ಮಾ, ಇದರಲ್ಲಿ ಜಾಹೀರಾತು ಬರೋದೇ ಇಲ್ವಾ?"

"ಟೀವಿ ಕಂಪನಿಯವರದ್ದು ಬರಲ್ಲ ಮೇಡಂ. ವಾರ್ತೆ ಮಧ್ಯೆ ಚಾನೆಲ್‌ನೋರು ಹಾಕೋದು ಬಂದೇ ಬರುತ್ತೆ."

"ಸದ್ಯ, ಬದುಕ್ಕೊಂಡೆ!" ಎಂದು ಆಕೆ ನಿಟ್ಟುಸಿರು ಬಿಟ್ಟರು. "ಇದನ್ನೇ ಕೊಡಮ್ಮ. ಜಾಹೀರಾತು ಬಂದಾಗ್ಲೇ ಇವರು ಎದ್ದು ನಾಲ್ಕು ಪಾತ್ರೆ ತೊಳೆಯೋದು!"