ಗುರುಚರಣ ಮತ್ತಿತರರು

ಡಾ. ಗುರುಚರಣರ ಪ್ರಬಂಧವೊಂದನ್ನು ಬೇರೆ ಸಂಶೋಧಕರು ಉಲ್ಲೇಖಿಸಿದ ಸಂಖ್ಯೆ ಕಳೆದ ವರ್ಷದ ಕೊನೆಗೆ ಸಾವಿರ ದಾಟಿತು. ಅವರು ನಿವೃತ್ತರಾದ ಚೆನ್ನೈನ ಭೂಭೌತ ಸಂಸ್ಥೆ ಆ ಸಂತೋಷಕ್ಕೆ ಅವರದೇ ಉಪನ್ಯಾಸ ಇಟ್ಟಿತು. ಅವರ ಹೆಂಡತಿ ವೃಂದಾ ಅದೇ ಸಂಸ್ಥೆಯಲ್ಲಿ ಸಹ ಪ್ರಾಧ್ಯಾಪಕಿ. ಉಪನ್ಯಾಸದ ಮರುವಾರ ಪ್ರಾಧ್ಯಾಪಕ ಹುದ್ದೆಗೆ ಅವರ ಸಂದರ್ಶನವಿತ್ತು. ನಿವೃತ್ತಿಗೆ ಮುಂಚೆ ಅದೇ ಕೊನೆಯ ಅವಕಾಶ. ಹಿಂದಿನ ಸಲ ಸಮಿತಿಯು ಸ್ವತಂತ್ರ ಸಂಶೋಧನೆಗೆ ಪುರಾವೆ ಸಾಲದು ಎಂದು ಬರೆದು ಅವರನ್ನು ಕೈಬಿಟ್ಟಿತ್ತು.

ಪುರಾವೆಯೆಂದರೆ ಗಂಡನ ಹೆಸರಿನಲ್ಲಿ ಪ್ರಸಿದ್ಧವಾದ ಆ ಪ್ರಬಂಧವೇ.

ಕರಾವಳಿಯ ನೆಲದೊಳಗೆ ವಿದ್ಯುತ್ ಹಾಯಿಸಿದಾಗ ಜೇಡಿಮಣ್ಣು, ಉಪ್ಪುನೀರು ಎರಡೂ ಹೆಚ್ಚುಕಡಿಮೆ ಒಂದೇ ತರಹ ತೋರುತ್ತವೆ. ಇದು ಮಣ್ಣು, ಇದು ನೀರು ಎಂದು ಬೇರ್ಪಡಿಸುವ ಲೆಕ್ಕ ವೃಂದಾ ಅವರದು. 2006ರಲ್ಲಿ ಕಾಸಿಮೇಡು ಮೀನುಬಂದರಿನ ಉತ್ತರಕ್ಕೆ ದಂಡೆಯಲ್ಲಿ ಉಕ್ಕಿನ ಸಲಾಕೆಗಳನ್ನು ನೆಟ್ಟು ಅಳತೆ ತೆಗೆದವರೂ ಅವರೇ. ಹರಾಜು ಮುಗಿಸಿ ಬರುತ್ತಿದ್ದ ಮೀನಿನ ಹೆಂಗಸರು ನಿಂತು ನೋಡಿ, "ಎನ್ನಮ್ಮಾ, ಕಡಲುಕ್ಕು ಊಸಿ ಪೋಡರಿಯಾ?" ಎಂದು, ಸಮುದ್ರಕ್ಕೆ ಇಂಜೆಕ್ಷನ್ ಕೊಡುವ ಡಾಕ್ಟರಮ್ಮ ಬಂದಳೆಂದು ನಗುತ್ತಿದ್ದರು. ಗುರುಚರಣ ನಕ್ಷೆಗಳನ್ನು ಬಿಡಿಸಿದರು, ಇಂಗ್ಲಿಷ್ ತಿದ್ದಿದರು.

ಬರೆದು ಮುಗಿದ ದಿನ ಅಣ್ಣಾ ನಗರದ ಮನೆಯಲ್ಲಿ ಅವರು, "ಈ ಸಲ ನನ್ನ ಹೆಸರು ಮೊದಲಿರ್ಲಿ, ಪ್ರಮೋಷನ್ ಇದೆ. ಮುಂದಿನ್ದು ನಿಂದು," ಎಂದರು.

"ಸೆರಿ, ಹಾಕ್ಕೊಳ್ಳಿ. ಪ್ರಮೋಷನ್ ಬಂದ್ರೆ ಮೊದ್ಲು ಆ ಫ್ರಿಜ್ ಬದಲಾಯಿಸ್ಬೇಕು," ಎಂದಿದ್ದರು ವೃಂದಾ.

ಮೂರನೆಯ ಹೆಸರಿನ ವಿಷಯ ಗುರುಚರಣ ಹೆಂಡತಿಯನ್ನು ಕೇಳಲಿಲ್ಲ. ಪ್ರಬಂಧ ಕಳಿಸುವಾಗ ವಿಭಾಗದ ಮುಖ್ಯಸ್ಥ ತಿರುಮಲರಾಯರನ್ನೂ ಲೇಖಕರೆಂದು ಸೇರಿಸಿದರು. ರಾಯರು ಉಪಕರಣ ಕೊಟ್ಟಿದ್ದರು, ಮರ್ಯಾದೆಗೆ ಇರಲಿ ಎಂದು. ಲೇಖಕರು ಇಬ್ಬರಿದ್ದರೆ ಉಲ್ಲೇಖಿಸುವವರು ಇಬ್ಬರ ಹೆಸರನ್ನೂ ಬರೆಯುತ್ತಾರೆ. ಮೂವರಾದರೆ ಮೊದಲನೆಯವರದು ಮಾತ್ರ, ಉಳಿದವರು "ಮತ್ತಿತರರು". ಗುರುಚರಣರಿಗೆ ಇದು ಚೆನ್ನಾಗಿ ಗೊತ್ತಿತ್ತು, ಅಂದು ಹೊಳೆಯಲಿಲ್ಲ. ವೃಂದಾ ಆಮೇಲೆ ತಮ್ಮ ಹೆಸರು ಮೊದಲಿಟ್ಟು ಬರೆದದ್ದನ್ನು ಓದಿದವರು ಕಡಿಮೆ.

ಹೋದ ಸಲದ ಸಂದರ್ಶನದ ನಂತರ ಗುರುಚರಣ ನಿಯತಕಾಲಿಕಕ್ಕೆ ಪತ್ರ ಬರೆದರು. ಹೆಸರುಗಳ ಕ್ರಮ ಬದಲಿಸಲು ಮೂವರ ಒಪ್ಪಿಗೆಯೂ ಬೇಕು ಎಂದು ಸಂಪಾದಕರು ಉತ್ತರಿಸಿದರು. ರಾಯರು ತೀರಿಕೊಂಡು ಆರು ವರ್ಷವಾಗಿತ್ತು.

ಉಳಿದದ್ದು ಈ ಉಪನ್ಯಾಸ. ಸಂದರ್ಶನ ಸಮಿತಿಯ ಅಧ್ಯಕ್ಷರಾದ ನಿರ್ದೇಶಕರು ಮುಂದಿನ ಸಾಲಿನಲ್ಲೇ ಇದ್ದರು.

"ಈ ಕೆಲಸ ನನ್ನದಲ್ಲ," ಎಂದು ಗುರುಚರಣ ಶುರುಮಾಡಿದರು. "ಯೋಚನೆ, ಅಳತೆ, ಲೆಕ್ಕ ಎಲ್ಲವೂ ನನ್ನ ಹೆಂಡತಿ ವೃಂದಾ ಅವರದು."

ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು.

"ತಮಾಷೆಗೆ ಹೇಳುತ್ತಿಲ್ಲ," ಎಂದರು. ಚಪ್ಪಾಳೆ ಇನ್ನೂ ಜೋರಾಯಿತು.

ಊಟದ ಹೊತ್ತಿಗೆ ನಿರ್ದೇಶಕರು ತಟ್ಟೆ ಹಿಡಿದು ಹತ್ತಿರ ಬಂದರು. "ಎನ್ನ ಸಾರ್ ಇದು!" ಎಂದು ತಮಿಳಿನಲ್ಲೇ ಶುರುಮಾಡಿ, ನನ್ನ ಹೆಂಡತಿ ಇದನ್ನು ಕೇಳಿದರೆ ನಾಳೆಯಿಂದ ನನಗೆ ಸಾಂಬಾರ್ ಸಿಗುವುದಿಲ್ಲ, ನಮ್ಮ ಹೊಟ್ಟೆ ಮೇಲೆ ಹೊಡೆದಿರಲ್ಲ ಎಂದು ನಕ್ಕರು. ಗುರುಚರಣ ಏನೋ ಹೇಳಹೊರಟರು. ಅಷ್ಟರಲ್ಲಿ ನಿರ್ದೇಶಕರು ಪಾಯಸದ ಕಡೆಗೆ ಹೋಗಿಯಾಗಿತ್ತು.

ವಾಪಸು ಬರುವಾಗ ಕಾರಿನಲ್ಲಿ ಗುರುಚರಣ, "ನಾಳೆ ಅವರ ರೂಮಿಗೇ ಹೋಗಿ ಬಿಡಿಸಿ ಹೇಳ್ತೀನಿ," ಎಂದರು.

"ಬೇಡ್ರೀ. ಇಂಟರ್‌ವ್ಯೂ ಮುಂದಿಟ್ಕೊಂಡು ಗಂಡ ಹೋಗಿ ಕೂತ್ರೆ ಅದಕ್ಕೆ ಸಿಫಾರಸು ಅಂತಾರೆ."

"ಮತ್ತೆ?"

"ನಾನೇ ಹೇಳ್ತೀನಿ. ನಂಗೂ ಬಾಯಿದೆಯಲ್ಲ."

ಸಂದರ್ಶನದ ದಿನ ಗುರುಚರಣ ಬಾಗಿಲಲ್ಲೇ ಕಾಯುತ್ತಿದ್ದರು. ವೃಂದಾ ಚಪ್ಪಲಿ ಬಿಡುವ ಮೊದಲೇ ಕೇಳಿದರು.

"ಪೇಪರ್ ಬಗ್ಗೆ ಬಂತಾ?"

"ಬಂತು. ಅದರಲ್ಲಿ ನನ್ನ ಪಾಲೆಷ್ಟು ಅಂತ ಕೇಳಿದ್ರು. ಪೂರ್ತಿ ನಂದೇ ಅಂದೆ."

"ಆಮೇಲೆ?"

"ಡೈರೆಕ್ಟರ್ ಪಕ್ಕದವ್ರ ಕಡೆ ತಿರುಗಿ, 'ಸಾರೂ ಮೊನ್ನೆ ಸ್ಟೇಜ್ ಮೇಲೆ ಇದೇ ಮಾತು ಹೇಳಿದ್ರು, ಮನೇಲಿ ಚೆನ್ನಾಗಿ ಪ್ರಾಕ್ಟೀಸ್ ಆಗಿದೆ' ಅಂದ್ರು. ಎಲ್ಲಾ ನಕ್ರು. ನಾನು ಲೆಕ್ಕ ಬಿಡಿಸಿ ತೋರಿಸ್ತೀನಿ ಅಂದೆ. ಟೈಮಿಲ್ಲ ಮೇಡಂ ಅಂದ್ರು."

"ನಾನು ಅವತ್ತು ಬಾಯಿ ಮುಚ್ಕೊಂಡಿದ್ದಿದ್ರೆ..." ಎಂದರು ಗುರುಚರಣ.

"ನನ್ನ ಮಾತು ಮೊದಲನೇ ಸಲ ಕೇಳ್ದಂಗೆ ಕೇಳ್ತಿದ್ರೋ ಏನೋ."

ವೃಂದಾ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಗುರುಚರಣ ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದರು.

"ದಾರಿ ಬಿಡಿ," ಎಂದರು ವೃಂದಾ. "ಕಾಲು ತೊಳ್ಕೋಬೇಕು."